ಸಹಿ ಹಾಕಿದವನದೇ ತಪ್ಪು ಎಂಬ ತೀರ್ಪು

ರೆಸಾರ್ಟ್ ಕಂಪನಿಯ ಟೈಮ್‌ಶೇರ್ ಮೆಂಬರ್‌ಶಿಪ್ (ಹಲವು ವರ್ಷಗಳ ಕಾಲ ವರ್ಷಕ್ಕಿಷ್ಟು ದಿನ ರೆಸಾರ್ಟಿನಲ್ಲಿ ತಂಗಲು ಮೊದಲೇ ಹಣ ಕಟ್ಟಿ ಪಡೆಯುವ ಹಕ್ಕು) ಕೊಂಡು ಕೈಸುಟ್ಟುಕೊಂಡವರಿಗೆ ಹೇಳಲು ನಮ್ಮ ಕಡೆ ಎರಡು ಮಾತು ಸದಾ ಸಿದ್ಧವಾಗಿರುತ್ತವೆ. ‘ಓದದೆ ಸಹಿ ಹಾಕಿದ್ದು ಯಾರು?’ ಎಂಬುದು ಮೊದಲನೆಯದು. ‘ಹೋದದ್ದು ಹೋಯಿತು, ಕೋರ್ಟು ಹತ್ತಿದರೆ ಇದ್ದದ್ದೂ ಹೋದೀತು, ಕಂಪನಿಯವರು ಕೊಟ್ಟಷ್ಟು ತೆಗೆದುಕೊಂಡು ಮುಗಿಸು’ ಎಂಬುದು ಎರಡನೆಯದು. ಅರಂತೋಡಿನ ಅಡಿಕೆ ಬೆಳೆಗಾರನಿರಲಿ, ಪುತ್ತೂರಿನ ಬ್ಯಾಂಕ್ ನೌಕರನಿರಲಿ, ಕಡಬದ ಮೇಷ್ಟ್ರಿರಲಿ, ಎಲ್ಲರಿಗೂ ಇದೇ ಬುದ್ಧಿಮಾತು. ಹೇಳುವವರು ಹಿತವರೇ, ಅನುಮಾನವಿಲ್ಲ. ಆದರೆ ಈ ಎರಡು ಮಾತುಗಳು ಜೊತೆಯಾಗಿ ಮಾಡುವ ಕೆಲಸ ಏನೆಂದು ಯಾರೂ ಯೋಚಿಸಿದಂತಿಲ್ಲ. ಮೊದಲನೆಯದು ವಂಚನೆಗೊಂಡವನಿಗೆ ನಾಚಿಕೆ ಹುಟ್ಟಿಸುತ್ತದೆ, ಎರಡನೆಯದು ಆ ನಾಚಿಕೆಯನ್ನು ಮೌನವಾಗಿಸುತ್ತದೆ. ಕಂಪನಿಗೆ ಬೇಕಾದದ್ದು ಅಷ್ಟೇ. ಕರಾರಿನ ಯಾವ ಷರತ್ತು ನ್ಯಾಯದ ಮುಂದೆ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂಬ ಪ್ರಶ್ನೆ ಏಳುವ ಮೊದಲೇ ವ್ಯಾಜ್ಯ ಮುಗಿದುಹೋಗಿರುತ್ತದೆ.

ಸಹಿಯ ವಿಚಾರವನ್ನೇ ಮೊದಲು ನೋಡೋಣ. ಈ ಸಹಿ ಬೀಳುವ ಕ್ರಮ ಎಲ್ಲ ಊರಿನಲ್ಲೂ ಹೆಚ್ಚುಕಡಿಮೆ ಒಂದೇ. ಮಾಲ್‌ನಲ್ಲೋ ಪೆಟ್ರೋಲ್ ಪಂಪಿನಲ್ಲೋ ತುಂಬಿದ ಲಕ್ಕಿ ಕೂಪನ್ನು, ಕೆಲವು ದಿನ ಬಿಟ್ಟು ‘ನಿಮಗೆ ಗಿಫ್ಟ್ ಬಂದಿದೆ, ದಂಪತಿ ಸಮೇತ ಬರಬೇಕು’ ಎಂಬ ಫೋನು, ಪೇಟೆಯ ಹೋಟೆಲಿನ ಹಾಲ್‌ನಲ್ಲಿ ಸಣ್ಣ ಸಣ್ಣ ಮೇಜು, ಜೋರು ಸಂಗೀತ, ಒಂದೂವರೆ ಎರಡು ಗಂಟೆಯ ಮಾತು. ಗಂಡನೋ ಹೆಂಡತಿಯೋ ಒಬ್ಬರೇ ಬಂದರೆ ಗಿಫ್ಟ್ ಇಲ್ಲ. ಏಕೆಂದರೆ ‘ಮನೆಗೆ ಹೋಗಿ ಕೇಳಿ ಹೇಳುತ್ತೇನೆ’ ಎನ್ನುವ ದಾರಿ ತೆರೆದಿರಬಾರದು. ದರ ಇವತ್ತಿಗೆ ಮಾತ್ರ. ಕಾರ್ಡು ಉಜ್ಜುವ ಯಂತ್ರ ಮೇಜಿನ ಮೇಲೆಯೇ ಇರುತ್ತದೆ. ಉಳಿದದ್ದು ಇಎಂಐ. ಇಷ್ಟಾದ ಮೇಲೆ ಕೈಗೆ ಬರುವ ಕರಾರು ಹಲವು ಪುಟಗಳ ಸಣ್ಣಕ್ಷರದ ಇಂಗ್ಲಿಷಿನದು, ಮತ್ತು ಬಹಳಷ್ಟು ಸಲ ಪೂರ್ತಿ ನಿಯಮಾವಳಿ ಅಂಚೆಯಲ್ಲಿ ಬರುವುದು ಹಣ ಕಟ್ಟಿದ ನಂತರ. ಓದಿದ್ದರೆ ಏನಾಗುತ್ತಿತ್ತು ಎಂದು ಕೇಳುವವರು ಇನ್ನೊಂದನ್ನೂ ಕೇಳಿಕೊಳ್ಳಬೇಕು: ಓದಿ, ‘ಇಪ್ಪತ್ತಮೂರನೆಯ ಷರತ್ತು ತೆಗೆಯಿರಿ, ಆಮೇಲೆ ಸಹಿ ಹಾಕುತ್ತೇನೆ’ ಎಂದಿದ್ದರೆ ಆ ಮೇಜಿನ ಆಚೆ ಕುಳಿತ ಹುಡುಗನಿಗೆ ಅದನ್ನು ತೆಗೆಯುವ ಅಧಿಕಾರ ಇತ್ತೇ? ಇರಲಿಲ್ಲ. ಹಾಗಾದರೆ ಅಲ್ಲಿ ಒಪ್ಪಂದ ಆದದ್ದು ಬೆಲೆಯ ಮೇಲೆ ಮತ್ತು ಬಾಯಿಮಾತಿನ ಭರವಸೆಗಳ ಮೇಲೆ. ಷರತ್ತುಗಳ ಮೇಲೆ ಚೌಕಾಸಿ ನಡೆದೇ ಇಲ್ಲ.

ಇದು ಸೋತವನ ಗೊಣಗಾಟ ಎನ್ನುವಂತಿಲ್ಲ, ಸುಪ್ರೀಂ ಕೋರ್ಟಿನ ತರ್ಕವೂ ಇದೇ. ಸೆಂಟ್ರಲ್ ಇನ್‌ಲ್ಯಾಂಡ್ ವಾಟರ್ ಟ್ರಾನ್ಸ್‌ಪೋರ್ಟ್ ಕಾರ್ಪೊರೇಷನ್ ಮತ್ತು ಬ್ರಜೋನಾಥ್ ಗಂಗೂಲಿ ನಡುವಿನ 1986ರ ಪ್ರಕರಣ ನೌಕರಿಗೆ ಸಂಬಂಧಿಸಿದ್ದಾದರೂ, ಮೊದಲೇ ಅಚ್ಚಾದ ಕರಾರಿಗೆ ಚುಕ್ಕಿಗೆರೆಯ ಮೇಲೆ ಸಹಿ ಹಾಕುವುದನ್ನು ಬಿಟ್ಟು ಬೇರೆ ದಾರಿ ಇಲ್ಲದವನ ಮೇಲೆ ಹೇರಿದ ಅನ್ಯಾಯದ ಷರತ್ತನ್ನು ನ್ಯಾಯಾಲಯ ಎತ್ತಿಹಿಡಿಯಬೇಕಾಗಿಲ್ಲ ಎಂಬ ಮಾತು ಅಲ್ಲಿ ಸ್ಪಷ್ಟವಾಗಿ ಬಂತು. ಗ್ರಾಹಕರ ವಿಷಯಕ್ಕೆ ಅದನ್ನು ನೇರವಾಗಿ ಅನ್ವಯಿಸಿದ್ದು 2019ರ ಏಪ್ರಿಲ್‌ನ ಪಯನೀರ್ ಅರ್ಬನ್ ತೀರ್ಪು. ಫ್ಲ್ಯಾಟು ಕೊಂಡವನು ತಡಮಾಡಿದರೆ ಭಾರೀ ಬಡ್ಡಿ, ಬಿಲ್ಡರ್ ತಡಮಾಡಿದರೆ ಪುಡಿಗಾಸು ಎಂಬಂಥ ಏಕಪಕ್ಷೀಯ ಷರತ್ತುಗಳೇ ಅನುಚಿತ ವ್ಯಾಪಾರ ಪದ್ಧತಿ, ಬೇರೆ ಆಯ್ಕೆಯಿಲ್ಲದೆ ಸಹಿ ಹಾಕಿದ ಖರೀದಿದಾರನನ್ನು ಅವು ಕಟ್ಟಿಹಾಕಲಾರವು ಎಂದು ಅಲ್ಲಿ ತೀರ್ಮಾನವಾಯಿತು. ಅಂದಮೇಲೆ, ಸಹಿ ಹಾಕಿದ ಮೇಲೆ ಮುಗಿಯಿತು ಎಂಬುದು ಜಗಲಿಯ ನ್ಯಾಯ. ದೇಶದ ಕಾನೂನು ಆ ಮಾತನ್ನು ಯಾವತ್ತೋ ದಾಟಿ ಬಂದಿದೆ.

ಈಗ ಷರತ್ತುಗಳನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕು. ವರ್ಷವನ್ನು ಬಣ್ಣಗಳಾಗಿ ಹಂಚುವುದು ಈ ವ್ಯವಹಾರದ ರೂಢಿ: ನೇರಳೆ ಅತಿ ದುಬಾರಿ, ಆಮೇಲೆ ಕೆಂಪು, ಬಿಳಿ, ಕೊನೆಗೆ ನೀಲಿ. ಅಗ್ಗದ ಬಣ್ಣ ಕೊಂಡವನಿಗೆ ಸಿಗುವುದು ಯಾರಿಗೂ ಬೇಡದ ವಾರಗಳು, ನಮ್ಮ ಘಟ್ಟದ ಸೀಮೆಯಲ್ಲಿ ಎಂದರೆ ಮಳೆಗಾಲ. ಜೂನ್ ಬಂತೆಂದರೆ ಸುಳ್ಯ ಸೀಮೆಯ ಅಡಿಕೆ ಬೆಳೆಗಾರ ಕೊಳೆರೋಗಕ್ಕೆ ಮದ್ದು ಬಿಡುವವರನ್ನು ಹುಡುಕುತ್ತಿರುತ್ತಾನೆ. ಮಕ್ಕಳಿಗೆ ಶಾಲೆ ಶುರುವಾಗಿರುತ್ತದೆ. ಅವನಿಗೆ ಬಿಡುವಿರುವುದು ಏಪ್ರಿಲ್ ಮೇ ತಿಂಗಳಲ್ಲಿ, ದಸರೆಯಲ್ಲಿ. ದುಬಾರಿ ಬಣ್ಣ ಕೊಂಡರೂ ಆ ದಿನಗಳಿಗೆ ಕೋಣೆ ಸಿಗುತ್ತದೆಂಬ ಖಾತ್ರಿ ಕರಾರಿನಲ್ಲಿಲ್ಲ, ‘ಲಭ್ಯತೆಗೆ ಒಳಪಟ್ಟು’ ಎಂಬ ಎರಡು ಪದ ಮಾತ್ರ ಇರುತ್ತದೆ. ಮಾತಾಡುವಾಗ ‘ಯಾವಾಗ ಬೇಕಾದರೂ’, ಕಾಗದದಲ್ಲಿ ‘ಲಭ್ಯತೆಗೆ ಒಳಪಟ್ಟು’. ಮೆಂಬರ್‌ಗಳ ದೂರುಗಳಲ್ಲಿ ಪದೇ ಪದೇ ಕಾಣುವುದು ಈ ಬಿರುಕು. ವರ್ಷದ ನಿರ್ವಹಣಾ ಶುಲ್ಕಕ್ಕೆ ಮಾತ್ರ ಯಾವ ಲಭ್ಯತೆಯ ಷರತ್ತೂ ಇಲ್ಲ. ಹೋದರೂ ಹೋಗದಿದ್ದರೂ ಕಟ್ಟಬೇಕು, ಮತ್ತು ಅದು ವರ್ಷದಿಂದ ವರ್ಷಕ್ಕೆ ಏರುತ್ತ ಹೋಗುತ್ತದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದಲ್ಲಿ ಗುಡ್ಡ ಕುಸಿದು ಸಂಪಾಜೆ–ಮಡಿಕೇರಿ ರಸ್ತೆ ವಾರಗಟ್ಟಲೆ ಮುಚ್ಚಿದ್ದು ಅರಂತೋಡಿನವರಿಗೆ ಹೇಳಿಕೊಡಬೇಕಾದ್ದಲ್ಲ. ಅಂಥ ಹೊತ್ತಿನಲ್ಲಿ ಕೋಣೆ ಕೊಡಲಾಗದಿದ್ದರೆ ಕಂಪನಿಯ ಹೊಣೆ ಇಲ್ಲ ಎಂಬ ‘ದೈವಾಧೀನ’ದ ಷರತ್ತು ಇಂಥ ಕರಾರುಗಳಲ್ಲಿ ಮಾಮೂಲು. ಮೆಂಬರ್‌ನ ತೋಟಕ್ಕೆ ಹಳದಿ ಎಲೆ ರೋಗ ಬಂದು ಆದಾಯ ನಿಂತರೆ ಅವನ ಶುಲ್ಕಕ್ಕೆ ವಿನಾಯಿತಿ ಕೊಡುವ ದೈವಾಧೀನದ ಷರತ್ತು ಮಾತ್ರ ಎಲ್ಲಿಯೂ ಕಾಣದು.

ಇವೆಲ್ಲಕ್ಕಿಂತ ನನಗೆ ಕಣ್ಣಿಗೆ ಹೊಡೆಯುವುದು ಹಣ ಮರಳಿಸುವುದಿಲ್ಲ ಎಂಬ ಷರತ್ತು. ಇಪ್ಪತ್ತೈದು ವರ್ಷದ ಮೆಂಬರ್‌ಶಿಪ್ಪಿಗೆ ಪೂರ್ತಿ ಹಣ ಮೊದಲೇ ಕಟ್ಟಿದವನು ಮೂರನೆಯ ವರ್ಷ ಬಿಡುತ್ತೇನೆ ಎಂದರೆ ‘ಪ್ರವೇಶ ಶುಲ್ಕ ವಾಪಸ್ಸಿಲ್ಲ’ ಎಂಬ ಉತ್ತರ. ತೋಟವನ್ನು ಇಪ್ಪತ್ತೈದು ವರ್ಷಕ್ಕೆ ಲೀಸಿಗೆ ಹಿಡಿದವನು ಮೂರೇ ವರ್ಷಕ್ಕೆ ಬಿಟ್ಟುಕೊಟ್ಟರೆ ಊರ ಪಂಚಾತಿಗೆಯವರು ಕೂಡ ಉಳಿದ ವರ್ಷಗಳ ಲೆಕ್ಕ ಕೇಳುತ್ತಾರೆ. ಇಲ್ಲಿ ಲೆಕ್ಕವನ್ನು ಕಂಪನಿಗಳೇ ಇಟ್ಟಿವೆ ಎಂಬುದು ತಮಾಷೆ. ಮಹೀಂದ್ರಾ ಹಾಲಿಡೇಸ್ ಕಂಪನಿ ಮತ್ತು ಆದಾಯ ತೆರಿಗೆ ಇಲಾಖೆ ನಡುವಿನ ವ್ಯಾಜ್ಯದಲ್ಲಿ, ಮೆಂಬರ್‌ಶಿಪ್ ಶುಲ್ಕವೆಲ್ಲ ಕೈಗೆ ಬರಬೇಕಾದ ವರ್ಷದ್ದೇ ಆದಾಯ, ಪೂರ್ತಿಗೂ ಈಗಲೇ ತೆರಿಗೆ ಕಟ್ಟಿ ಎಂದು ಇಲಾಖೆ ವಾದಿಸಿತ್ತು. ಇಲ್ಲ, ಮುಂದಿನ ದಶಕಗಳ ಉದ್ದಕ್ಕೂ ಸೌಲಭ್ಯ ಒದಗಿಸುವ ಹೊಣೆ ನಮ್ಮ ಮೇಲಿದೆ, ಆದ್ದರಿಂದ ಹಣದ ಒಂದು ಭಾಗ ಇನ್ನೂ ನಮ್ಮ ಗಳಿಕೆಯಲ್ಲ ಎಂಬುದು ಕಂಪನಿಯ ನಿಲುವು. ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಚೆನ್ನೈ ವಿಶೇಷ ಪೀಠ 2010ರಲ್ಲಿ ಕಂಪನಿಯ ವಾದವನ್ನೇ ಒಪ್ಪಿತು. ಮುಂದೆ 2018ರ ಏಪ್ರಿಲ್‌ನಿಂದ ಜಾರಿಗೆ ಬಂದ ಇಂಡ್ ಎಎಸ್ 115 ಎಂಬ ಲೆಕ್ಕಪತ್ರ ಮಾನದಂಡ ಇದನ್ನು ಇನ್ನಷ್ಟು ಬಿಗಿ ಮಾಡಿತು. ಮೆಂಬರ್‌ಶಿಪ್ ಶುಲ್ಕವನ್ನು ಅವಧಿಯುದ್ದಕ್ಕೂ ಹಂಚಿ ತೋರಿಸಬೇಕಾಯಿತು. ಅಷ್ಟೇ ಅಲ್ಲ, ಮೆಂಬರ್‌ನನ್ನು ಹಿಡಿಯಲು ಏಜೆಂಟಿಗೆ ಕೊಟ್ಟ ಕಮಿಷನ್ನನ್ನೂ ಹಾಗೆಯೇ ವರ್ಷಗಳ ಮೇಲೆ ಹಂಚುವುದು ಆ ಮಾನದಂಡದ ಕ್ರಮ. ಇದರಲ್ಲಿ ಆ ಕಂಪನಿಯ ತಪ್ಪೇನೂ ಇಲ್ಲ, ಲೆಕ್ಕ ಇಡಬೇಕಾದ್ದೇ ಹಾಗೆ. ನನ್ನ ತಕರಾರು ಬೇರೆ. ತೆರಿಗೆಯವರ ಮುಂದೆ, ಷೇರುದಾರರ ಮುಂದೆ ‘ಇನ್ನೂ ಗಳಿಸದ ಹಣ’ ಎಂದು ತೋರಿಸಬಹುದಾದ ಮೊತ್ತ, ಮೆಂಬರ್ ಬಂದು ಕೇಳಿದ ತಕ್ಷಣ ‘ಸಂದುಹೋದ ಹಣ’ ಆಗುವುದು ಈ ಉದ್ಯಮದಲ್ಲಿ ಯಾವ ನ್ಯಾಯದಿಂದ?

ಹೀಗೆ ಬಿಟ್ಟುಹೋಗಲು ಬಿಟ್ಟರೆ ಉದ್ಯಮವೇ ನಿಲ್ಲುವುದಿಲ್ಲ, ಹಣವೆಲ್ಲ ಕಟ್ಟಡಕ್ಕೂ ಮಾರಾಟಕ್ಕೂ ಖರ್ಚಾಗಿರುತ್ತದೆ ಎಂಬ ಆಕ್ಷೇಪ ಇದೆ. ಅದರಲ್ಲಿ ಅರ್ಧ ಸತ್ಯವಿದೆ. ಮಾರಾಟದ ಖರ್ಚು, ಅನುಭವಿಸಿದ ವರ್ಷಗಳ ಪಾಲು, ಒಂದಿಷ್ಟು ದಂಡ ಎಲ್ಲವನ್ನೂ ಮುರಿದುಕೊಳ್ಳಲಿ, ಯಾರೂ ಬೇಡವೆನ್ನರು. ಬಿಟ್ಟುಹೋದವನ ವಾರವನ್ನು ಇನ್ನೊಬ್ಬನಿಗೆ ಮಾರುವ ಹಕ್ಕಂತೂ ಕಂಪನಿಗೇ ಬರುತ್ತದೆ. ಸೊನ್ನೆ ಮರಳಿಸುವುದಕ್ಕೂ ಪೂರ್ತಿ ಮರಳಿಸುವುದಕ್ಕೂ ನಡುವೆ ಬಹಳ ಜಾಗವಿದೆ ಎಂಬುದಷ್ಟೇ ವಾದ. ವರ್ಷಾವರ್ಷ ಕುಟುಂಬ ಸಮೇತ ತಿರುಗಾಡಿ ಖುಷಿಯಾಗಿರುವ ಮೆಂಬರ್‌ಗಳೂ ಸಾಕಷ್ಟಿದ್ದಾರೆ, ನಿಜ. ಮೊದಲೇ ತಾರೀಕು ಗೊತ್ತುಮಾಡಬಲ್ಲ, ದುಬಾರಿ ಬಣ್ಣ ಕೊಂಡ, ಬಿಡುವಿರುವ ಜನಕ್ಕೆ ಇದು ಹೊಂದುತ್ತದೆ. ಅವರ ತೃಪ್ತಿ ಇನ್ನೊಬ್ಬನ ಷರತ್ತನ್ನು ನ್ಯಾಯವಾಗಿಸುವುದಿಲ್ಲ. ಕೆಲವು ದೊಡ್ಡ ಕಂಪನಿಗಳು ತಾವಾಗಿಯೇ ಹತ್ತು ದಿನದೊಳಗೆ ರದ್ದುಮಾಡುವ ಅವಕಾಶ ಕೊಡುತ್ತವೆ ಎಂಬ ಸಮರ್ಥನೆಯನ್ನೂ ಕೇಳಬಹುದು. ಯುರೋಪಿನಲ್ಲಿ ಇದು ಕಂಪನಿಯ ಔದಾರ್ಯವಲ್ಲ, 2008ರ ನಿರ್ದೇಶನದ ಪ್ರಕಾರ ಹದಿನಾಲ್ಕು ದಿನದ ಹಕ್ಕು, ಮತ್ತು ಆ ದಿನಗಳು ಮುಗಿಯುವ ತನಕ ಒಂದು ಕಾಸೂ ಮುಂಗಡ ಪಡೆಯುವಂತಿಲ್ಲ. ನಮ್ಮಲ್ಲಿ ಟೈಮ್‌ಶೇರಿಗೆಂದೇ ಪ್ರತ್ಯೇಕ ಕಾನೂನು ಇಲ್ಲ. ಕಾರ್ಡು ಅಲ್ಲಿಯೇ ಉಜ್ಜಲಾಗುತ್ತದೆ. ಅದು ಹಾಗಿರಲಿ, ಹತ್ತು ದಿನದಲ್ಲಿ ತಿಳಿಯುವುದಾದರೂ ಏನು? ಕೋಣೆ ಸಿಗುವುದಿಲ್ಲ ಎಂಬುದು ಗೊತ್ತಾಗುವುದು ಮೊದಲ ಬೇಸಗೆ ರಜೆಗೆ ಬುಕಿಂಗ್ ಮಾಡಲು ಕೂತಾಗ.

ದುರಾಸೆಗೆ ಬಿದ್ದವರು ಅನುಭವಿಸಲಿ ಎನ್ನುವವರು ಪ್ಯಾನ್‌ಕಾರ್ಡ್ ಕ್ಲಬ್ಸ್ ಪ್ರಕರಣವನ್ನು ಎತ್ತುತ್ತಾರೆ. ಹೋಟೆಲಿನ ರಾತ್ರಿಗಳನ್ನು ಮಾರುತ್ತೇವೆಂದು ಹೇಳಿ, ತಂಗದೆ ಉಳಿದರೆ ಅವಧಿಯ ಕೊನೆಗೆ ಹೆಚ್ಚಿನ ಹಣ ಎಂದು ಆಸೆ ತೋರಿಸಿದ ಮುಂಬಯಿಯ ಕಂಪನಿ ಅದು. ಇದು ರಜೆಯ ವ್ಯವಹಾರವಲ್ಲ, ಅನುಮತಿಯಿಲ್ಲದ ಸಾಮೂಹಿಕ ಹೂಡಿಕೆ ಯೋಜನೆ ಎಂದ ಸೆಬಿ 2016ರ ಫೆಬ್ರುವರಿಯಲ್ಲಿ 7,000 ಕೋಟಿ ರೂಪಾಯಿಗೂ ಮಿಕ್ಕಿದ ಮೊತ್ತವನ್ನು ಮರಳಿಸುವಂತೆ ಆದೇಶಿಸಿತು. ಹಣ ಕಟ್ಟಿದವರು 50 ಲಕ್ಷಕ್ಕೂ ಹೆಚ್ಚು ಜನ. ಆದೇಶ ಬಂದು ವರ್ಷಗಳಾದರೂ ಅವರ ಗೋಳು ಮುಗಿಯಲಿಲ್ಲ. ಆದರೆ ಈ ಪ್ರಕರಣ ದುರಾಸೆಯ ವಾದಕ್ಕೆ ಆಸರೆಯಾಗುವುದಿಲ್ಲ. ಇಷ್ಟು ಲಕ್ಷ ಮನೆಗಳಿಗೆ ಏಕಕಾಲಕ್ಕೆ ದುರಾಸೆ ಬಂತು ಎನ್ನುವುದಕ್ಕಿಂತ, ಯಾರ ಕಣ್ಗಾವಲೂ ಇಲ್ಲದ ಜಾಗದಲ್ಲಿ ‘ರಜೆ’ ಎಂಬ ಹೆಸರಿನಡಿ ಏನನ್ನೂ ಮಾರಬಹುದಾಗಿತ್ತು ಎನ್ನುವುದೇ ಹೆಚ್ಚು ನಂಬಲರ್ಹ.

ಇನ್ನು ಎರಡನೆಯ ಮಾತು: ಸದ್ದಿಲ್ಲದೆ ರಾಜಿ ಮಾಡಿಕೋ ಎಂಬುದು. ರಾಜಿ ನಮ್ಮ ಸೀಮೆಗೆ ಹೊಸತಲ್ಲ. ಗಡಿ ತಕರಾರು, ಸಾಲದ ತಕರಾರು ಪಂಚಾತಿಗೆಯಲ್ಲಿ ಮುಗಿಯುತ್ತವೆ. ಅಲ್ಲಿಯೂ ಮುಗಿಯದ್ದು ಧರ್ಮಸ್ಥಳಕ್ಕೆ, ಕಾನತ್ತೂರಿನ ನಾಲ್ವರ್ ದೈವಸ್ಥಾನಕ್ಕೆ ಹೋಗುತ್ತದೆ. ಕೋರ್ಟಿನ ಮೆಟ್ಟಿಲು ಹತ್ತದೆ ಬಗೆಹರಿಸಿಕೊಳ್ಳುವುದು ಮರ್ಯಾದೆಯ ಲಕ್ಷಣ ಎಂಬ ನಂಬಿಕೆ ಬಂದದ್ದು ಇಲ್ಲಿಂದ, ಅದಕ್ಕೆ ಬೆಲೆಯೂ ಇದೆ. ಆದರೆ ಆ ವ್ಯವಸ್ಥೆ ನಡೆಯುವುದು ಎರಡೂ ಕಡೆಯವರು ನಾಳೆಯೂ ಅದೇ ಊರಿನಲ್ಲಿ ಮುಖ ನೋಡಿಕೊಂಡು ಬದುಕಬೇಕು ಎಂಬ ಬಲದ ಮೇಲೆ. ಚೆನ್ನೈಯಲ್ಲೋ ಹೈದರಾಬಾದಿನಲ್ಲೋ ನೋಂದಾಯಿತವಾದ ಕಂಪನಿಗೆ ಕಾನತ್ತೂರಿನ ದೈವದ ಭಯ ಇರಬೇಕೆಂದು ನಿರೀಕ್ಷಿಸುವುದು ಹೇಗೆ? ಅದರ ಪರವಾಗಿ ಫೋನೆತ್ತುವ ‘ಕಸ್ಟಮರ್ ಕೇರ್’ ಹುಡುಗಿ ಮುಂದಿನ ತಿಂಗಳು ಬೇರೆ ಕೆಲಸದಲ್ಲಿರುತ್ತಾಳೆ. ಇಲ್ಲಿ ನಡೆಯುವ ರಾಜಿ ಎಂದರೆ, ಹತ್ತು ಸಲ ಇಮೇಲ್ ಬರೆದು ದಣಿದವನಿಗೆ ಎರಡು ಹೆಚ್ಚುವರಿ ವಾರವನ್ನೋ ಕಟ್ಟಿದ್ದರಲ್ಲಿ ಒಂದು ತುಣುಕನ್ನೋ ಕೊಟ್ಟು, ಬದಲಿಗೆ ‘ಇನ್ನು ಯಾವ ಹಕ್ಕುಬಾಧ್ಯತೆಯೂ ಇಲ್ಲ, ಹೊರಗೆ ಹೇಳುವುದಿಲ್ಲ’ ಎಂದು ಬರೆಸಿಕೊಳ್ಳುವುದು. ಒಬ್ಬನಿಗೆ ತುಸು ಸಮಾಧಾನ. ಆದರೆ ಅದೇ ಷರತ್ತು ಅದೇ ವಾರ ಇನ್ನೊಂದು ಹೋಟೆಲಿನ ಹಾಲ್‌ನಲ್ಲಿ ಇನ್ನೊಂದು ದಂಪತಿಯ ಮುಂದೆ ಇರುತ್ತದೆ. ದಣಿದವರು ಹಿಡಿಯುವ ಬೇರೆ ದಾರಿಗಳು ಇನ್ನೂ ಕೆಟ್ಟವು. ಶುಲ್ಕ ಕಟ್ಟುವುದನ್ನು ನಿಲ್ಲಿಸಿ ಸುಮ್ಮನಾದರೆ ಬಡ್ಡಿ ಬೆಳೆಯುತ್ತದೆ, ಕೊನೆಗೆ ಮೆಂಬರ್‌ಶಿಪ್ಪನ್ನೇ ರದ್ದುಮಾಡಲು ಕಂಪನಿಗೆ ಕಾರಣ ಸಿಗುತ್ತದೆ. ‘ನಿಮ್ಮ ಮೆಂಬರ್‌ಶಿಪ್ ಮಾರಿಸಿಕೊಡುತ್ತೇವೆ, ಮೊದಲು ಜಿಎಸ್‌ಟಿ ಕಟ್ಟಿ’ ಎಂದು ಫೋನ್ ಮಾಡುವವರನ್ನು ನಂಬಿದರೆ ಎರಡನೆಯ ಸಲ ಟೋಪಿ.

ಹಾಗಾದರೆ ಕೋರ್ಟು ಹತ್ತಿದರೆ ಇದ್ದದ್ದೂ ಹೋಗುತ್ತದೆಯೇ? ಈ ಭಯ ಸಿವಿಲ್ ದಾವೆಗಳ ಕಾಲದ್ದು. 2020ರ ಜುಲೈ 20ರಿಂದ ಜಾರಿಯಲ್ಲಿರುವ ಗ್ರಾಹಕ ಸಂರಕ್ಷಣಾ ಕಾಯ್ದೆ ಅದನ್ನು ಬಹುಮಟ್ಟಿಗೆ ಹಳತಾಗಿಸಿದೆ. ದೂರು ಕೊಡಲು ಕಂಪನಿ ಇರುವ ಊರಿಗೆ ಹೋಗಬೇಕಾಗಿಲ್ಲ. ದೂರುದಾರ ವಾಸವಿರುವ ಜಿಲ್ಲೆಯ ಆಯೋಗ ಸಾಕು ಎನ್ನುತ್ತದೆ 34ನೆಯ ಕಲಮು. ಅರಂತೋಡಿನವರಿಗೆ ಅದು ಮಂಗಳೂರು. ಕರಾರಿನಲ್ಲಿ ‘ಚೆನ್ನೈ ನ್ಯಾಯಾಲಯಗಳಿಗೆ ಮಾತ್ರ ಅಧಿಕಾರ’ ಎಂದು ಬರೆದುಕೊಂಡಿದ್ದಾರೆಂದ ಮಾತ್ರಕ್ಕೆ ಶಾಸನ ಕೊಟ್ಟ ಈ ಹಕ್ಕು ಅಳಿಯುವುದಿಲ್ಲ. ಪಂಚಾಯ್ತಿದಾರರ ಮುಂದೆ, ಅಂದರೆ ಆರ್ಬಿಟ್ರೇಷನ್ನಿಗೇ ಹೋಗಬೇಕು ಎಂಬ ಷರತ್ತು ಗ್ರಾಹಕನನ್ನು ಆಯೋಗದಿಂದ ದೂರವಿಡಲಾರದು ಎಂಬುದು ಎಮಾರ್ ಎಂಜಿಎಫ್ ಪ್ರಕರಣದಲ್ಲಿ 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಗಿದೆ. ಕಟ್ಟಿದ ಹಣ ಐದು ಲಕ್ಷದೊಳಗಿದ್ದರೆ ಅರ್ಜಿ ಶುಲ್ಕವೇ ಇಲ್ಲ. ವಕೀಲರನ್ನಿಡದೆ ಸ್ವತಃ ವಾದಿಸಬಹುದು, ಆನ್‌ಲೈನಿನಲ್ಲಿ ದಾಖಲಿಸಬಹುದು, ವಿಡಿಯೋ ಮೂಲಕ ಹಾಜರಾಗಲು ಕೇಳಿಕೊಳ್ಳಬಹುದು. ಸೋತ ಕಂಪನಿ ಮೇಲ್ಮನವಿ ಹಾಕಬೇಕಾದರೆ ಆದೇಶಿಸಿದ ಮೊತ್ತದ ಅರ್ಧವನ್ನು ಮೊದಲೇ ಠೇವಣಿ ಇಡಬೇಕು, ಆದೇಶ ಪಾಲಿಸದಿದ್ದರೆ 72ನೆಯ ಕಲಮಿನಡಿ ಜೈಲೂ ಉಂಟು. ರಾಜಿ ಬೇಕೆನ್ನುವವರಿಗೂ ಇಲ್ಲಿ ಜಾಗವಿದೆ: ಆಯೋಗವೇ ಮಧ್ಯಸ್ಥಿಕೆಗೆ ಕಳುಹಿಸಬಹುದು. ಅಲ್ಲಿ ಆದ ಒಪ್ಪಂದ ಆಯೋಗದ ಆದೇಶವಾಗಿ ಹೊರಬರುತ್ತದೆ, ಕಂಪನಿ ಮಾತು ತಪ್ಪಿದರೆ ಕೇಳುವವರಿರುತ್ತಾರೆ.

ವಿಳಂಬದ ಮಾತನ್ನು ಮುಚ್ಚಿಡುವುದು ಸರಿಯಲ್ಲ. ಪರೀಕ್ಷೆಯ ಅಗತ್ಯವಿಲ್ಲದ ದೂರು ಮೂರು ತಿಂಗಳಲ್ಲಿ ಮುಗಿಯಬೇಕೆಂದು ಕಾಯ್ದೆ ಹೇಳುತ್ತದೆ. ಬಹಳಷ್ಟು ದೂರುಗಳು ಮುಗಿಯುವುದು ವರ್ಷಗಳ ಮೇಲೆ. ಆಯೋಗಗಳಲ್ಲಿ ಅಧ್ಯಕ್ಷ ಸದಸ್ಯರ ಹುದ್ದೆಗಳು ಖಾಲಿ ಬಿದ್ದದ್ದನ್ನು ಕಂಡು 2021ರಲ್ಲಿ ಸುಪ್ರೀಂ ಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಳ್ಳಬೇಕಾಯಿತು. ಆದರೂ ಕಾಯುವುದರಿಂದ ದೂರುದಾರನಿಗೆ ಹೋಗುವುದು ಸಮಯ, ಮನೆಮಠವಲ್ಲ. ದೂರು ಕೊಡದೆ ಕಂಪನಿಗೆ ಪತ್ರ ಬರೆಯುತ್ತಲೇ ಇರುವವನು ಕಳೆದುಕೊಳ್ಳುವುದು ಅದಕ್ಕಿಂತ ದೊಡ್ಡದು. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಮಾತ್ರ ಅವಕಾಶ, ಮತ್ತು ‘ಪರಿಶೀಲಿಸುತ್ತೇವೆ’ ಎಂಬ ಸೌಜನ್ಯದ ಇಮೇಲುಗಳಲ್ಲೇ ಆ ಎರಡು ವರ್ಷ ಸವೆದುಹೋಗುತ್ತದೆ. ಕೋಣೆ ನಿರಾಕರಿಸಿದ ಪ್ರತಿಯೊಂದು ಉತ್ತರದ ಪ್ರತಿ, ವೋಚರು, ಮಾರಾಟದ ದಿನ ಹಾಳೆಯ ಮೂಲೆಯಲ್ಲಿ ಹುಡುಗ ಕೈಬರಹದಲ್ಲಿ ಗೀಚಿಕೊಟ್ಟ ‘ವರ್ಷಕ್ಕೆ ಏಳು ರಾತ್ರಿ, ಎಲ್ಲಿ ಬೇಕಾದರೂ’ ಎಂಬ ಲೆಕ್ಕ, ಇವು ಅಚ್ಚಾದ ಕರಾರಿನಷ್ಟೇ ಬೆಲೆಯ ಸಾಕ್ಷ್ಯ. ಮನೆಯವರು ‘ಸುಮ್ಮನೆ ಯಾಕೆ ಆ ಫೈಲು’ ಎಂದು ಒಲೆಗೆ ಹಾಕುವುದು ಇವನ್ನೇ.

ಒಂಟಿ ದೂರುಗಳಿಂದ ಹಣ ಬರಬಹುದು, ಆದರೆ ಷರತ್ತು ಹೋಗುವುದಿಲ್ಲ ಎಂಬ ತಕರಾರು ಉಳಿಯುತ್ತದೆ, ಅದು ಗಟ್ಟಿಯಾದ ತಕರಾರು. ಕರಾರೇ ಅನುಚಿತ ಎಂದು ಘೋಷಿಸಿ ಅದರ ಷರತ್ತುಗಳನ್ನು ಶೂನ್ಯವೆನ್ನುವ ಅಧಿಕಾರವನ್ನು ಕಾಯ್ದೆ ನೇರವಾಗಿ ಕೊಟ್ಟಿರುವುದು ರಾಜ್ಯ ಮತ್ತು ರಾಷ್ಟ್ರೀಯ ಆಯೋಗಗಳಿಗೆ. ಜಿಲ್ಲಾ ಆಯೋಗದ ಮುಂದೆ ಅದನ್ನು ಅನುಚಿತ ವ್ಯಾಪಾರ ಪದ್ಧತಿ ಎಂದೇ ವಾದಿಸಬೇಕಾಗುತ್ತದೆ. ಬೆಂಗಳೂರಿನ ರಾಜ್ಯ ಆಯೋಗದ ತನಕ ಒಬ್ಬನೇ ಹೋಗುವುದು ಕಷ್ಟ, ಒಪ್ಪೋಣ. ಒಬ್ಬನೇ ಹೋಗಬೇಕೆಂದು ಯಾರು ಹೇಳಿದರು? ಒಂದೇ ಬಗೆಯ ತಕರಾರಿರುವ ಗ್ರಾಹಕರು ಸೇರಿ ದೂರು ಕೊಡಬಹುದು ಎಂದು 35ನೆಯ ಕಲಮು ಹೇಳುತ್ತದೆ. ಬ್ರಿಗೇಡ್ ಎಂಟರ್‌ಪ್ರೈಸಸ್ ವಿರುದ್ಧ ಬೆಂಗಳೂರಿನ 51 ಫ್ಲ್ಯಾಟುಗಳ 91 ಖರೀದಿದಾರರು ಹೋದಾಗ, ಸಾವಿರಕ್ಕೂ ಮಿಕ್ಕಿದ ಎಲ್ಲ ಖರೀದಿದಾರರ ಪರವಾಗಿ ಅದನ್ನು ನಡೆಸಲಾಗದಿದ್ದರೂ ಆ ಅಷ್ಟೂ ಜನರ ಜಂಟಿ ದೂರಾಗಿ ನಡೆಸಬಹುದು ಎಂದು 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಒಂದೇ ಕಂಪನಿಯ ಒಂದೇ ಬಣ್ಣದ ಮೆಂಬರ್‌ಶಿಪ್, ಒಂದೇ ಅಚ್ಚಿನ ಕರಾರು ಇರುವ ಹತ್ತು ಮನೆ ಪುತ್ತೂರು, ಸುಳ್ಯ, ಕಡಬ ಸೇರಿಸಿದರೆ ಸಿಗದೇ ಹೋಗುವುದಿಲ್ಲ. ದೂರು ಬರೆಯಲು ಕೈ ಬೇಕೆಂದರೆ ಸುಳ್ಯದಲ್ಲಿ ಕೆ.ವಿ.ಜಿ. ಕಾನೂನು ಕಾಲೇಜಿದೆ, ಪುತ್ತೂರಿನಲ್ಲಿ ವಿವೇಕಾನಂದ ಕಾನೂನು ಕಾಲೇಜಿದೆ. ಅಚ್ಚಾದ ಕರಾರನ್ನು ಷರತ್ತು ಷರತ್ತಾಗಿ ಬಿಡಿಸಿ ನೋಡುವುದಕ್ಕಿಂತ ಒಳ್ಳೆಯ ಪಾಠ ಅಲ್ಲಿನ ವಿದ್ಯಾರ್ಥಿಗಳಿಗೂ ಸಿಗಲಾರದು. ಇದಕ್ಕೆ ಆಗಬೇಕಾದ ಮೊದಲ ಕೆಲಸ ಸಣ್ಣದು, ಆದರೆ ಸುಲಭದ್ದಲ್ಲ: ತಾನೂ ಕೊಂಡಿದ್ದೇನೆ ಎಂದು ಒಬ್ಬ ಇನ್ನೊಬ್ಬನಿಗೆ ಬಾಯಿಬಿಟ್ಟು ಹೇಳಬೇಕು.